ಪಾಯದ ಗೆರೆಯೂ ಬೇರಿನ ಗೆರೆಯೂ

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಹೆಂಚಿನ ಮನೆಯೊಂದು ಉರುಳಿ, ಅದರ ಸ್ಥಾನದಲ್ಲಿ ಬಹುಮಹಡಿಯ ಕಟ್ಟಡವೊಂದು ತಲೆಯೆತ್ತಲು ಸಿದ್ಧವಾಗುವಾಗ, ಆ ನಿವೇಶನದ ಮಾವು ಹಲಸುಗಳ ಆಯುಷ್ಯವೂ ಬಹುಮಟ್ಟಿಗೆ ನಕ್ಷೆಯ ಮೇಲೆಯೇ ನಿರ್ಣೀತವಾಗಿಬಿಡುತ್ತದೆ. ಈ ನಿರ್ಣಯವು ಕೇವಲ ಮಾಲೀಕನ ಇಚ್ಛೆಗೆ ಅಧೀನವಾಗಿರಕೂಡದೆಂಬ ಉದ್ದೇಶದಿಂದಲೇ ನಮ್ಮ ರಾಜ್ಯವು 1976ರಲ್ಲಿ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮವನ್ನು ರಚಿಸಿತು.

ಸ್ವಂತ ಹಿತ್ತಿಲಿನಲ್ಲಿ ತಾನೇ ನೆಟ್ಟು ನೀರೆರೆದು ಬೆಳೆಸಿದ ಮರವಾದರೂ ಸರಿಯೆ, ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಅದಕ್ಕೆ ಕೊಡಲಿಯಿಕ್ಕುವಂತಿಲ್ಲ. ತೆಂಗು, ಸರ್ವೆ, ನೀಲಗಿರಿ, ಸಿಲ್ವರ್ ಓಕ್ ಮೊದಲಾದ ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿಯುಂಟು. ಅನುಮತಿ ಪಡೆದು ಕಡಿದವನು ಬದಲಿ ಸಸಿಗಳನ್ನು ನೆಡಬೇಕಾಗುತ್ತದೆ. ಸಾರ್ವಜನಿಕ ಕಾಮಗಾರಿಗಾಗಿ ಐವತ್ತಕ್ಕಿಂತ ಅಧಿಕ ಮರಗಳನ್ನು ತೆಗೆಯುವ ಪ್ರಸಂಗ ಬಂದಲ್ಲಿ ಮೊದಲು ನಾಗರಿಕರ ಆಕ್ಷೇಪಣೆಗಳನ್ನು ಆಹ್ವಾನಿಸತಕ್ಕದ್ದೆಂಬ ವಿಧಿಯೂ ಇದೆ. ಒಣಗಿದ, ರೋಗಗ್ರಸ್ತವಾದ, ಜೀವಕ್ಕೋ ಆಸ್ತಿಗೋ ಅಪಾಯ ತರುವ ಮರಗಳಿಗಾದರೋ ಅನುಮತಿಯನ್ನು ನಿರಾಕರಿಸುವಂತಿಲ್ಲ.

ಈ ಕೊನೆಯ ಮಾತು ನ್ಯಾಯವಾದದ್ದೇ. ಆದರೆ ಮರ ಒಣಗಿದ್ದು ಹೇಗೆಂದು ಯಾರೂ ಕೇಳುವುದಿಲ್ಲ. ಉಳಿಸುತ್ತೇವೆಂದು ನಕ್ಷೆಯಲ್ಲಿ ತೋರಿಸಿದ ಮರದ ಬುಡಕ್ಕೆ ಮಾರುದೂರದಲ್ಲಿಯೇ ಜೆಸಿಬಿ ಪಾಯ ತೋಡುತ್ತದೆ. ಹರಿದ ಬೇರುಗಳು ನಾರುನಾರಾಗಿ ಗುಂಡಿಯ ಮಗ್ಗುಲಿನಿಂದ ಹೊರಚಾಚಿರುತ್ತವೆ. ಅತ್ತ ಬುಡದ ಸುತ್ತ ಜಲ್ಲಿಯ ರಾಶಿ, ಇತ್ತ ಮಿಕ್ಸರ್ ತೊಳೆದ ಸಿಮೆಂಟಿನ ನೀರು. ನೀರನ್ನೂ ಸಾರವನ್ನೂ ಹೀರುವ ಸೂಕ್ಷ್ಮವಾದ ಬೇರುಗಳಲ್ಲಿ ಬಹುಪಾಲು ಮೇಲಿನ ಎರಡಡಿ ಮಣ್ಣಿನಲ್ಲಿಯೇ ಹರಡಿರುವುದರಿಂದ, ಲಾರಿಗಳು ಓಡಾಡಿ ನೆಲ ಅದುಮಿಹೋದರೆ ಅವುಗಳಿಗೆ ಉಸಿರೇ ಇಲ್ಲವಾಗುತ್ತದೆ. ಆದರೂ ಮರವು ಕೂಡಲೇ ಸಾಯುವುದಿಲ್ಲ. ಗೃಹಪ್ರವೇಶವಾಗಿ ಎರಡು ಮೂರು ಬೇಸಗೆಗಳು ಕಳೆದ ತರುವಾಯ ತುದಿಕೊಂಬೆಯಿಂದ ಒಣಗುತ್ತ ಬರುತ್ತದೆ. ಆಗ ಒಣಮರವೆಂದು ಅರ್ಜಿ ಹಾಕಿದರೆ ಅಡ್ಡಿಯೇ ಇರುವುದಿಲ್ಲ.

ಇಂಗ್ಲೆಂಡಿನ ನಿರ್ಮಾಣಕಾರರು ಅನುಸರಿಸುವ, 2012ರಲ್ಲಿ ಪರಿಷ್ಕೃತವಾದ ಬ್ರಿಟಿಷ್ ಮಾನಕ 5837 ಈ ವಿಷಯದಲ್ಲಿ ಗಮನಾರ್ಹವಾಗಿದೆ. ಒಂದೂವರೆ ಮೀಟರ್ ಎತ್ತರದಲ್ಲಿ ಕಾಂಡದ ವ್ಯಾಸವನ್ನಳೆದು, ಅದರ ಹನ್ನೆರಡು ಪಟ್ಟು ತ್ರಿಜ್ಯದ ವೃತ್ತವನ್ನು ಬೇರಿನ ರಕ್ಷಣೆಗೆಂದು ಮೀಸಲಿಡುವುದು ಅಲ್ಲಿಯ ಕ್ರಮ. ಅರ್ಧ ಮೀಟರ್ ದಪ್ಪದ ಮರಕ್ಕೆ ಸುತ್ತಲೂ ಆರು ಮೀಟರ್. ಕೆಲಸಕ್ಕೆ ಯಂತ್ರ ಬರುವ ಮುನ್ನವೇ ಅಲ್ಲಿ ಬೇಲಿ ನಿಂತಿರಬೇಕು.

ನಮ್ಮಲ್ಲಿ ಇದಕ್ಕೆ ಹೊಸ ಶಾಸನವೇನೂ ಬೇಕಿಲ್ಲ. ಮರವನ್ನು ಸುಡುವುದು, ತೊಗಟೆ ಸುಲಿಯುವುದು, ವಿಷ ಹಾಕುವುದು, ಅನ್ಯಥಾ ಹಾನಿಪಡಿಸುವುದು, ಇವೆಲ್ಲವನ್ನೂ 1976ರ ಅಧಿನಿಯಮವು ಕಡಿಯುವುದಕ್ಕೆ ಸಮಾನವೆಂದೇ ಪರಿಗಣಿಸಿದೆ. ಬೇರನ್ನು ಹರಿಯುವುದು ಹಾನಿಯಲ್ಲವೆಂದು ವಾದಿಸುವುದು ಕಷ್ಟ. ನಕ್ಷೆ ಮಂಜೂರು ಮಾಡುವವರು ಮರದ ಸುತ್ತ ಒಂದು ವೃತ್ತವನ್ನು ಕೇಳಲಿ. ಪಾಯಕ್ಕೆ ಸುಣ್ಣದ ಗುರುತು ಹಾಕುವ ದಿನವೇ ವೃಕ್ಷಾಧಿಕಾರಿ ಬಂದು ಬೇಲಿಯನ್ನು ನೋಡಿಹೋಗಲಿ. ಕಡಿದಮೇಲೆ ಸಸಿಗಳನ್ನು ಎಣಿಸುವುದಕ್ಕಿಂತ ಇದು ಅಗ್ಗದ ಕೆಲಸ.