ಬಾಲಾಪರಾಧಿಗಳೂ ಊರಿನ ಹೊಣೆಯೂ

ಪುಣೆ-ಹೈದರಾಬಾದು ಹೆದ್ದಾರಿಯೂ ಬೀದರ-ಕಲಬುರಗಿ ಮಾರ್ಗವೂ ಕೂಡುವ ಊರು ಹುಮನಾಬಾದ. ಅಲ್ಲಿಯ ಮತ್ತು ಬಸವಕಲ್ಯಾಣ ಸೀಮೆಯ ಕೂಲಿಕಾರರು ಹೊಟ್ಟೆಪಾಡಿಗಾಗಿ ಈ ದಾರಿ ಹಿಡಿದು ದೂರದ ಪಟ್ಟಣಗಳಿಗೆ ಹೊರಡುವುದು ಹೊಸ ಸಂಗತಿಯಲ್ಲ. ಹಿಂದೆ ಉಳಿಯುವವರು ಮುದುಕರು, ಮಕ್ಕಳು. ಬಸವಕಲ್ಯಾಣದ ಇಂತಹ ಮನೆಯ 15 ವರ್ಷದ ಹುಡುಗನೊಬ್ಬನು ಹುಮನಾಬಾದದ ಬಸ್ಸು ನಿಲ್ದಾಣದಲ್ಲಿ ಮೊಬೈಲು ಕದ್ದು ಸಿಕ್ಕಿಬಿದ್ದನೆಂದು ವಾಚಕರು ಭಾವಿಸಲಿ. ಮುಂದೆ ಆತನ ಗತಿಯೇನು?

ಈ ವಿಷಯದಲ್ಲಿ ಕಾನೂನು ಸಂದಿಗ್ಧವಾಗಿಲ್ಲ. 2015ರ ಬಾಲನ್ಯಾಯ ಕಾಯಿದೆಯ ಮೇರೆಗೆ ಅವನನ್ನು ಪೋಲೀಸು ಕೋಣೆಯಲ್ಲಾಗಲಿ ಸೆರೆಮನೆಯಲ್ಲಾಗಲಿ ಇಡತಕ್ಕದ್ದಲ್ಲ. ಪ್ರಯಾಣದ ಕಾಲವನ್ನು ಬಿಟ್ಟು 24 ತಾಸುಗಳೊಳಗೆ ಅವನನ್ನು ಜಿಲ್ಲೆಯ ಬಾಲನ್ಯಾಯ ಮಂಡಳಿಗೆ ಒಪ್ಪಿಸಬೇಕು. ಜಾಮೀನು ಕೊಡುವುದೇ ನಿಯಮ. ದುರ್ಜನರ ಸಹವಾಸ, ಬಾಲಕನಿಗೆ ಅಪಾಯ ಅಥವಾ ನ್ಯಾಯಕ್ಕೆ ಭಂಗ ಉಂಟಾದೀತೆಂದು ನಂಬಲು ಕಾರಣವಿದ್ದಲ್ಲಿ ಮಾತ್ರ ಅದನ್ನು ನಿರಾಕರಿಸಬಹುದು.

ಹೀಗಿದ್ದೂ ತೊಡಕು ಎಲ್ಲಿ? ಜಾಮೀನು ದೊರೆತರೂ ಹುಡುಗನನ್ನು ಕೈಹಿಡಿದು ಕರೆದೊಯ್ಯುವವರು ಬೇಕಷ್ಟೆ! ತಂದೆತಾಯಿಗಳು ಪರಸ್ಥಳದಲ್ಲಿರುವರು, ಅಜ್ಜಿಗೋ ಸುಮಾರು 80 ಕಿಲೋಮೀಟರು ದೂರದ ಬೀದರಕ್ಕೆ ಹೋಗುವುದೇ ದುಸ್ತರ. ಷರತ್ತನ್ನು 7 ದಿನಗಳೊಳಗೆ ಪೂರೈಸಲಾಗದಿದ್ದರೆ ಅದನ್ನು ಮಾರ್ಪಡಿಸಲು ಬಾಲಕನನ್ನು ಮತ್ತೆ ಮಂಡಳಿಯ ಮುಂದೆ ತರಬೇಕೆಂದು ಕಾಯಿದೆಯೇ ವಿಧಿಸಿದೆ. ಆದರೆ ಕೇಳುವವರಿಲ್ಲದ ಹುಡುಗನು ವೀಕ್ಷಣಾಲಯದಲ್ಲಿಯೇ ಉಳಿಯುವ ಸಂಭವವು ಹೆಚ್ಚು. ಅಪರಾಧದ ಘೋರತೆಯಿಂದಲ್ಲ, ಮನೆಯ ಬಡತನದಿಂದ ಒಂದು ಹಾಸಿಗೆ ತುಂಬುವುದು!

ಸ್ಥಳಾಭಾವದ ಈ ಪ್ರಶ್ನೆಯು ಹಳೆಯದು. 1986ರಲ್ಲಿ ಶೀಲಾ ಬರ್ಸೆ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಬಾಲಗೃಹಗಳಲ್ಲಿ ಜಾಗವಿಲ್ಲದಿದ್ದರೆ ಮಕ್ಕಳನ್ನು ಸೆರೆಮನೆಗೆ ನೂಕದೆ ಜಾಮೀನಿನ ಮೇಲೆ ಬಿಡಬೇಕೆಂದು ಸ್ಪಷ್ಟವಾಗಿ ವಿಧಿಸಿತು. ಜಾಗದ ಕೊರತೆಗೆ ಮಗುವು ದಂಡ ತೆರತಕ್ಕದ್ದಲ್ಲವೆಂಬುದೇ ಅದರ ತಾತ್ಪರ್ಯ. ಆದುದರಿಂದ ಇನ್ನಷ್ಟು ಕೋಣೆಗಳನ್ನು ಕಟ್ಟಿಸಿರೆಂದು ಕೂಗುವುದಕ್ಕೆ ಮುಂಚೆ, ಇರುವ ಕೋಣೆಗಳಲ್ಲಿ ಯಾರು ಇದ್ದಾರೆಂದು ವಿಚಾರಿಸುವುದು ಯುಕ್ತ.

ಅನ್ಯ ಮಾರ್ಗಗಳು ಕಾಯಿದೆಯಲ್ಲಿಯೇ ಇವೆ. ತಪ್ಪು ಸಿದ್ಧವಾದ ಬಳಿಕ ಬುದ್ಧಿಮಾತು, ಸಮಾಲೋಚನೆ, 14 ವರ್ಷ ಮೀರಿದವರಿಗೆ ಉದ್ಯಾನದಲ್ಲಿ ಇಲ್ಲವೆ ಆಸ್ಪತ್ರೆಯಲ್ಲಿ ಸಮಾಜಸೇವೆ, ಸನ್ನಡತೆಯ ಮೇಲೆ ಮೂರು ವರ್ಷದವರೆಗೆ ಬಿಡುಗಡೆ—ಇವೆಲ್ಲವೂ ಮಂಡಳಿಯ ಅಧಿಕಾರಕ್ಕೆ ಸೇರಿವೆ. ವಿಚಾರಣೆಯ ಕಾಲದಲ್ಲಿಯೂ ಬಾಲಕನನ್ನು ಪರಿವೀಕ್ಷಣಾಧಿಕಾರಿಯ ಮೇಲ್ವಿಚಾರಣೆಯಲ್ಲಿ ಅಥವಾ 'ಯೋಗ್ಯ ವ್ಯಕ್ತಿ'ಯ ವಶದಲ್ಲಿ ಇಡಬಹುದು. ಯೋಗ್ಯತೆಯನ್ನು ಪರೀಕ್ಷಿಸಿ ಮನ್ನಣೆ ಕೊಡುವುದು ಮಂಡಳಿಯ ಕೆಲಸ. ಮುಂದೆ ಬಂದು ನಿಲ್ಲುವುದು ನಾಗರಿಕರ ಕೆಲಸ.

ಇದು ಅತಿಯಾದ ಮೃದುತ್ವವೆಂದು ಕೆಲವರು ಆಕ್ಷೇಪಿಸಬಹುದು. ಘೋರ ಕೃತ್ಯ ಮಾಡಿದ 16 ವರ್ಷ ಮೀರಿದವರ ವಿಚಾರಕ್ಕೆ ಕಾಯಿದೆಯು ಬೇರೆ ದಾರಿಯನ್ನೇ ಇಟ್ಟಿದೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಸಣ್ಣ ಕಳವಿನ ಹುಡುಗನನ್ನು ಪಳಗಿದವರ ನಡುವೆ ಕೂಡಿಹಾಕಿದರೆ ಅವನು ಕಲಿಯುವ ವಿದ್ಯೆ ಯಾವುದು? 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯು 5000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಮೊದಲ ಸಲ ಕದ್ದು ಹಿಂದಿರುಗಿಸಿದ ವಯಸ್ಕನಿಗೂ ಸಮಾಜಸೇವೆಯ ಶಿಕ್ಷೆಯನ್ನೇ ವಿಧಿಸಿದೆ. ವಯಸ್ಕನಿಗೆ ಸಲ್ಲುವ ದಯೆ ಬಾಲಕನಿಗೆ ಸಲ್ಲಬಾರದೆ? ಗಿಡವಾಗಿದ್ದಾಗಲೇ ಬಗ್ಗಿಸಬೇಕೆಂಬ ಗಾದೆಯನ್ನು ನಾವೂ ಒಪ್ಪುತ್ತೇವೆ. ಆದರೆ ಗಿಡವನ್ನು ಕಿತ್ತು ಬಗ್ಗಿಸುವವರುಂಟೆ?

ಕಲ್ಯಾಣದ ಜನರಿಗೆ ಇದನ್ನು ಹೊರಗಿನವರು ಕಲಿಸಬೇಕಾದುದಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಕನ್ನದ ಮಾರಿತಂದೆ ಎಂಬವನಿದ್ದನು. ಕನ್ನವಿಕ್ಕುವುದೇ ಆತನ ವೃತ್ತಿಯಾಗಿತ್ತೆಂದು ಪ್ರತೀತಿ. ಆ ಸಮಾಜವು ಅವನನ್ನು ಹೊರದೂಡಲಿಲ್ಲ, ತನ್ನವನೆಂದಿತು. ಇಂದು ಅವನ ಹೆಸರು ವಚನಕಾರರ ಸಾಲಿನಲ್ಲಿದೆ.

ಬಸವಕಲ್ಯಾಣ, ಹುಮನಾಬಾದಗಳ ನಿವೃತ್ತ ಶಿಕ್ಷಕರು, ವಕೀಲರು, ವರ್ತಕರು ಈ ಹೊಣೆಗೆ ಮುಂದಾಗಲಿ. ಊರಿಗೆ ಹತ್ತು ಮಂದಿಯಾದರೂ ಮಂಡಳಿಗೆ ತಮ್ಮ ಹೆಸರು ಕೊಡಲಿ. ಅಧಿಕಾರಿಗಳು ಅವರನ್ನು ಅಲೆದಾಡಿಸದೆ ಬರಮಾಡಿಕೊಳ್ಳಲಿ. ಬೀದರದಲ್ಲಿ ಆ ಹುಡುಗನ ಹೆಸರನ್ನು ಕೂಗಿದಾಗ, ಇವನು ನಮ್ಮೂರವನೆಂದು ಎದ್ದು ನಿಲ್ಲುವವನೊಬ್ಬನಿದ್ದರೆ ಒಂದು ಹಾಸಿಗೆ ಬರಿದಾಗುವುದು. ಒಂದು ಬಾಳು ಉಳಿಯುವುದು.