ಅಲಿಯ ಮಾತು ನಿಧಾನವಾದದ್ದು ಯಾವಾಗ

1977ರ ಸೆಪ್ಟೆಂಬರ್ 29ರ ರಾತ್ರಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮುಹಮ್ಮದ್ ಅಲಿ ಗೆದ್ದರು. ಎದುರಾಳಿ ಅರ್ನಿ ಶೇವರ್ಸ್, ಆ ಕಾಲದ ಹೆವಿವೇಟ್ ಬಾಕ್ಸರ್‌ಗಳಲ್ಲಿ ಅತಿ ಬಲವಾದ ಗುದ್ದಿಗೆ ಹೆಸರಾದವರು. ಹದಿನೈದು ಸುತ್ತು ಮುಗಿಯುವಷ್ಟರಲ್ಲಿ ಅಲಿ ತಿಂದ ಗುದ್ದುಗಳು 266 ಎಂದು ಆಮೇಲೆ ವಿಡಿಯೊ ನೋಡಿ ಎಣಿಸಿದವರು ಹೇಳುತ್ತಾರೆ. ಪಟ್ಟವೇನೋ ಉಳಿಯಿತು. ಆದರೆ ಮಾತು ಮೊದಲಿನ ಹಾಗೆ ಉಳಿಯಲಿಲ್ಲ.

ಇದು ಅಂಕಿಗಳಲ್ಲಿ ಗೊತ್ತಾದದ್ದು 2017ರಲ್ಲಿ. ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ವಿಸಾರ್ ಬೆರಿಶಾ ಮತ್ತು ಜೂಲಿ ಲಿಸ್ ಅವರ ತಂಡ 1968ರಿಂದ 1981ರವರೆಗಿನ ಅಲಿಯ ಟೀವಿ ಸಂದರ್ಶನಗಳನ್ನು ಕಲೆಹಾಕಿ, ಸೆಕೆಂಡಿಗೆ ಎಷ್ಟು ಅಕ್ಷರ ಉಚ್ಚರಿಸುತ್ತಿದ್ದರೆಂದು ಅಳೆಯಿತು. 26ನೇ ವಯಸ್ಸಿನಿಂದ 39ಕ್ಕೆ ಬರುವಷ್ಟರಲ್ಲಿ ಮಾತಿನ ವೇಗ ಶೇ 26ರಷ್ಟು ಇಳಿದಿತ್ತು. ಶೇವರ್ಸ್ ಪಂದ್ಯದ ಮೊದಲಿನ ಮತ್ತು ನಂತರದ ಮಾತನ್ನು ಹೋಲಿಸಿದಾಗ ಶೇ 16ರ ಇಳಿಕೆ ಕಂಡಿತು. ಪಾರ್ಕಿನ್ಸನ್ ಎಂಬ ಹೆಸರು ಅವರಿಗೆ ಅಂಟಿಕೊಂಡದ್ದು 1984ರಲ್ಲಿ. ಅದಕ್ಕೆ ಏಳು ವರ್ಷ ಮುಂಚೆಯೇ ಕುಸಿತ ಎಲ್ಲರ ಕಿವಿಗೂ ಬೀಳುತ್ತಿತ್ತು. ಯಾರೂ ಅಳೆದಿರಲಿಲ್ಲ, ಅಷ್ಟೇ.

ಅಳೆಯದೆಯೂ ಕಂಡವರಿದ್ದರು. ಅಲಿಯ ವೈದ್ಯ ಫರ್ಡಿ ಪಚೆಕೊ ಆ ಪಂದ್ಯದ ನಂತರದ ಮೂತ್ರಪಿಂಡದ ವರದಿಯನ್ನು ಅಲಿಗೂ, ಪತ್ನಿಗೂ, ಮ್ಯಾನೇಜರ್‌ಗೂ ಕಳಿಸಿದರು. ಯಾರಿಂದಲೂ ಉತ್ತರ ಬರಲಿಲ್ಲ. ಪಚೆಕೊ ಕೆಲಸ ಬಿಟ್ಟರು. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಪಂದ್ಯಗಳನ್ನು ಏರ್ಪಡಿಸುತ್ತಿದ್ದ ಟೆಡ್ಡಿ ಬ್ರೆನ್ನರ್ ಇನ್ನು ಅಲಿಯ ಪಂದ್ಯಕ್ಕೆ ಇಲ್ಲಿ ಜಾಗವಿಲ್ಲ ಎಂದರು. ಬೇರೆ ಕಡೆ ಜಾಗ ಸಿಕ್ಕಿತು. 1980ರಲ್ಲಿ ಲಾಸ್ ವೇಗಸ್‌ನಲ್ಲಿ ಲ್ಯಾರಿ ಹೋಮ್ಸ್ ಎದುರು ನಿಲ್ಲುವ ಮುನ್ನ ಮೇಯೊ ಕ್ಲಿನಿಕ್‌ನಲ್ಲಿ ತಪಾಸಣೆಯಾಯಿತು. ಬೆರಳನ್ನು ಮೂಗಿನ ತುದಿಗೆ ನೇರವಾಗಿ ಮುಟ್ಟಿಸುವುದು, ಒಂಟಿಕಾಲಲ್ಲಿ ಕುಪ್ಪಳಿಸುವುದು ಅವರಿಗೆ ಸಲೀಸಾಗಿರಲಿಲ್ಲ ಎಂಬ ಟಿಪ್ಪಣಿ ಅದರಲ್ಲಿತ್ತು. ಆದರೂ ಅನುಮತಿ ಸಿಕ್ಕಿತು. ಹತ್ತನೇ ಸುತ್ತು ಮುಗಿದ ಮೇಲೆ ತರಬೇತುದಾರ ಆಂಜೆಲೊ ಡಂಡಿ ತಾವೇ ಪಂದ್ಯ ನಿಲ್ಲಿಸಿದರು. ಮರುವರ್ಷ ಬಹಾಮಾಸ್‌ನಲ್ಲಿ ಟ್ರೆವರ್ ಬರ್ಬಿಕ್ ಎದುರು ಇನ್ನೊಂದು ಸೋಲು. ಅಲ್ಲಿಗೆ 61 ಪಂದ್ಯ, 56 ಗೆಲುವು, ಐದು ಸೋಲು.

ಕುಣಿಗಲ್‌ನವರಿಗೆ ಸ್ಟಡ್ ಫಾರ್ಮ್ ಗೊತ್ತು, ರೇಸ್ ಕುದುರೆ ಗೊತ್ತು. ರೇಸಿನ ದಿನ ಕುದುರೆ ಕುಂಟುತ್ತಿದೆ ಎಂದು ಪಶುವೈದ್ಯರಿಗೆ ಕಂಡರೆ ಅದನ್ನು ಓಟದಿಂದ ಹೊರಗಿಡುತ್ತಾರೆ. ಮಾಲೀಕ ಎಷ್ಟೇ ದೊಡ್ಡವನಾಗಿರಲಿ, ಜೂಜಿನ ದುಡ್ಡು ಎಷ್ಟೇ ಬಿದ್ದಿರಲಿ. ಜಗತ್ತಿನ ಅತಿ ಪ್ರಸಿದ್ಧ ಮನುಷ್ಯನ ವಿಷಯದಲ್ಲಿ ಅಷ್ಟೂ ಆಗಲಿಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಗುದ್ದು ಮಾಡುವುದಾದರೂ ಏನು? 1985ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಹೆವಿವೇಟ್ ಬಾಕ್ಸರ್ ಫ್ರಾಂಕ್ ಬ್ರೂನೊ ಅವರಿಂದ ಲೋಲಕವೊಂದಕ್ಕೆ ಗುದ್ದಿಸಿ ಅಳೆದರು. ಮುಷ್ಟಿ ಸೆಕೆಂಡಿಗೆ 8.9 ಮೀಟರ್ ವೇಗದಲ್ಲಿ ಬಡಿದಿತ್ತು. ಮನುಷ್ಯನ ತಲೆಗೆ ಅದು ಅರ್ಧ ಟನ್ನಿಗೂ ಮಿಕ್ಕಿದ ಪೆಟ್ಟು. ಬಲಕ್ಕಿಂತ ಕೆಟ್ಟದ್ದು ತಿರುಚು. ದವಡೆಗೆ ಪಕ್ಕದಿಂದ ಬಿದ್ದ ಗುದ್ದಿಗೆ ತಲೆಬುರುಡೆ ಕತ್ತಿನ ಮೇಲೆ ಗಿರ್ರನೆ ತಿರುಗುತ್ತದೆ. ಒಳಗಿನ ಸುಮಾರು 1.4 ಕಿಲೊ ತೂಕದ ಮೆದುಳು ಅಷ್ಟೇ ಚುರುಕಾಗಿ ತಿರುಗಲಾರದು, ಹಿಂದುಳಿಯುತ್ತದೆ. ಆಗ ಉದ್ದನೆಯ ನರತಂತುಗಳು ಎಳೆದಾಡಿಹೋಗುತ್ತವೆ. ಗ್ಲೌಸ್ ಕಾಪಾಡುವುದು ಹೆಚ್ಚಾಗಿ ಹೊಡೆಯುವವನ ಕೈಯನ್ನು. ಬಾಕ್ಸಿಂಗ್ ಶಿರಸ್ತ್ರಾಣ ಹುಬ್ಬು ಸೀಳುವುದನ್ನು ತಡೆಯುತ್ತದೆ, ಈ ತಿರುಚನ್ನು ಅಷ್ಟಾಗಿ ತಡೆಯದು. ಬೈಕ್ ಹೆಲ್ಮೆಟ್‌ನ ಮಾತು ಪೂರ್ತಿ ಬೇರೆ: ಕುಣಿಗಲ್ ಮೂಲಕ ಹಾಯುವ 75ನೇ ಹೆದ್ದಾರಿಯಲ್ಲಿ ಬಿದ್ದವನ ಜೀವ ಉಳಿಸುವುದು ಅದೇ.

ಇನ್ನು ಪೆಟ್ಟಿನ ಸಂಖ್ಯೆ. ಪ್ರೇಕ್ಷಕರಿಗೆ ಕಾಣುವುದು ನಾಕೌಟ್. ಮೆದುಳಿನ ಲೆಕ್ಕದಲ್ಲಿ ಪ್ರಜ್ಞೆ ತಪ್ಪಿಸದ ಸಾವಿರಾರು ಸಣ್ಣ ಪೆಟ್ಟುಗಳೂ ಜಮೆಯಾಗುತ್ತವೆ, ಅವುಗಳಲ್ಲಿ ಬಹುಪಾಲು ಬೀಳುವುದು ಅಭ್ಯಾಸದ ಸ್ಪಾರಿಂಗ್‌ನಲ್ಲಿ. ಬಾಕ್ಸರ್‌ಗಳ ತೊದಲು ಮಾತು, ತೂರಾಡುವ ನಡಿಗೆಯ ಬಗ್ಗೆ ಅಮೆರಿಕದ ರೋಗಶಾಸ್ತ್ರಜ್ಞ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಬರೆದದ್ದು 1928ರಲ್ಲಿ. 1973ರಲ್ಲಿ ಇಂಗ್ಲೆಂಡಿನ ಕಾರ್ಸೆಲಿಸ್ ಮತ್ತು ಸಂಗಡಿಗರು ತೀರಿಕೊಂಡ 15 ಬಾಕ್ಸರ್‌ಗಳ ಮೆದುಳನ್ನು ಸೀಳಿ ನೋಡಿದರು. ಎಡ ಬಲ ಭಾಗಗಳ ನಡುವಿನ ತೆಳುಪೊರೆ ಹರಿದಿತ್ತು, ಕಿರುಮೆದುಳಿನಲ್ಲಿ ಗಾಯದ ಕಲೆಗಳಿದ್ದವು, ನರಕೋಶಗಳಲ್ಲಿ ಸಿಕ್ಕುಗಟ್ಟಿದ ಎಳೆಗಳಿದ್ದವು. ನಡುಮೆದುಳಿನ ಸಬ್‌ಸ್ಟಾನ್ಷಿಯಾ ನೈಗ್ರಾ ಕೂಡ ಸವೆದಿತ್ತು. ಆರೋಗ್ಯವಂತರಲ್ಲಿ ಅದು ಬರಿಗಣ್ಣಿಗೇ ಕಾಣುವ ಕಪ್ಪು ಪಟ್ಟಿ. ಚಲನೆಯನ್ನು ಹದದಲ್ಲಿಡುವ ಡೋಪಮೈನ್ ತಯಾರಾಗುವುದು ಅಲ್ಲಿನ ಕೋಶಗಳಲ್ಲಿ. ಅವು ಸತ್ತಂತೆ ಪಟ್ಟಿ ಬಿಳಿಚಿಕೊಳ್ಳುತ್ತದೆ. ಪಾರ್ಕಿನ್ಸನ್‌ನಲ್ಲಿ ಆಗುವುದೂ ಇದೇ.

ಹಾಗೆಂದು ಅಲಿಯ ಕಾಯಿಲೆಗೆ ಗುದ್ದೇ ಕಾರಣ ಎಂದು ಷರಾ ಬರೆದುಬಿಡಲಾಗದು. ಅವರಿಗೆ ಚಿಕಿತ್ಸೆ ನೀಡಿದವರೂ ಸೇರಿದಂತೆ ಕೆಲವು ನರತಜ್ಞರು 2022ರಲ್ಲಿ ಪ್ರಕಟಿಸಿದ ಬರಹದಲ್ಲಿ, ಇದು ಸಣ್ಣ ವಯಸ್ಸಿಗೇ ಶುರುವಾದ ಸಾಮಾನ್ಯ ಪಾರ್ಕಿನ್ಸನ್; ದಶಕಗಳ ಕಾಲ ನಿಧಾನವಾಗಿ ಬೆಳೆಯಿತು, ಲೆವೊಡೋಪ ಮಾತ್ರೆಗೆ ಬಗ್ಗಿತು ಎಂದಿದ್ದಾರೆ. ಇರಬಹುದು. ಆದರೆ ಮಾತು ಇಳಿಮುಖವಾಗಿದ್ದ ವರ್ಷಗಳಲ್ಲೇ ಆ ತಲೆಗೆ ಗುದ್ದು ಬೀಳಲು ಬಿಟ್ಟದ್ದನ್ನು ಯಾವ ರೋಗನಿರ್ಣಯವೂ ಸರಿಯೆನ್ನಲಾರದು.

ಆ ವರ್ಷಗಳಲ್ಲೇ ಅಲಿ ಭಾರತಕ್ಕೂ ಬಂದಿದ್ದರು. 1980ರ ಜನವರಿಯಲ್ಲಿ ದೆಹಲಿಯ ಪ್ರದರ್ಶನ ಪಂದ್ಯದಲ್ಲಿ ನಾಲ್ಕು ಸುತ್ತು ಎದುರು ನಿಂತವರು ಪಂಜಾಬಿನ ಯೋಧ ಕೌರ್ ಸಿಂಗ್. ಎರಡು ವರ್ಷದ ಬಳಿಕ ದೆಹಲಿ ಏಷ್ಯನ್ ಗೇಮ್ಸ್‌ನ ಹೆವಿವೇಟ್ ಚಿನ್ನ ಅವರದಾಯಿತು, 1983ರಲ್ಲಿ ಪದ್ಮಶ್ರೀಯೂ ಬಂತು. ಮುಪ್ಪಿನಲ್ಲಿ ಹೃದಯದ ಚಿಕಿತ್ಸೆಗೆ ಸಾಲ ಮಾಡಬೇಕಾಯಿತು. 2023ರಲ್ಲಿ ತೀರಿಕೊಂಡರು. ಪದಕದ ಪಟ್ಟಿಯಲ್ಲಿ ಹೆಸರಿರುತ್ತದೆ. ರಿಂಗ್ ಬಿಟ್ಟ ಮೇಲಿನ ಆರೋಗ್ಯಕ್ಕೆ ಕಡತವೇ ಇರುವುದಿಲ್ಲ.

ನಮ್ಮ ರಾಜ್ಯಕ್ಕೂ ಇದು ದೂರದ ಸಂಗತಿಯಲ್ಲ. 2022ರ ಜುಲೈನಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಸ್ಪರ್ಧೆಯೊಂದರಲ್ಲಿ ಪೆಟ್ಟು ತಿಂದು ಕುಸಿದ ಮೈಸೂರಿನ ಯುವಕ ಕೆಲವೇ ದಿನಗಳಲ್ಲಿ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದ. ಅದೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೆದುಳಿನ ಸಂಗ್ರಹಾಲಯವಿದೆ, ಸಾರ್ವಜನಿಕರೂ ನೋಡಬಹುದು. ಅಲ್ಲಿ ನಿಜವಾದ ಮೆದುಳನ್ನು ಅಂಗೈಯಲ್ಲಿ ಹಿಡಿದವರು ಗಟ್ಟಿಯಾಗಿದೆ ಎಂದುಕೊಳ್ಳುತ್ತಾರೆ. ಆ ಗಟ್ಟಿತನ ಫಾರ್ಮಲಿನ್ ಕೊಟ್ಟದ್ದು. ಬದುಕಿರುವ ಮೆದುಳು ಅದಕ್ಕಿಂತ ಬಹಳ ಮೆದು. ಬೆರಳು ಒತ್ತಿದರೆ ತಗ್ಗು ಬೀಳುತ್ತದೆ.

ಕರಾಟೆ, ಕಿಕ್‌ಬಾಕ್ಸಿಂಗ್ ತರಗತಿಗಳು ಈಗ ತಾಲ್ಲೂಕು ಪಟ್ಟಣಗಳಿಗೂ ಬಂದಿವೆ. ಮಕ್ಕಳು ಸೇರಲಿ, ಚುರುಕು, ಶಿಸ್ತು, ಧೈರ್ಯ ಎಲ್ಲವೂ ಅಲ್ಲಿ ಸಿಗುತ್ತದೆ. ಆದರೆ ಫೀಸು ಕಟ್ಟುವ ಮೊದಲು ಅಪ್ಪ ಅಮ್ಮ ಮಾಸ್ಟರನ್ನು ಕೇಳಬೇಕು: ವಾರಕ್ಕೆ ಎಷ್ಟು ದಿನ ತಲೆಗೆ ಹೊಡೆಸುತ್ತೀರಿ? ತಲೆಗೆ ಪೆಟ್ಟು ಬಿದ್ದು ಮಂಕಾದ ಹುಡುಗನನ್ನು ಆ ದಿನವೇ ಮತ್ತೆ ಆಡಿಸುತ್ತೀರಾ? ಸ್ಪರ್ಧೆಯ ದಿನ ಡಾಕ್ಟರು, ಆಂಬುಲೆನ್ಸ್ ಇರುತ್ತದೆಯೇ? ಪೆಟ್ಟು ಬಿದ್ದ ಮೇಲೆ ಪದೇ ಪದೇ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ನಿದ್ದೆ, ತೊದಲು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯುವಂತಿಲ್ಲ. ಕುಣಿಗಲ್‌ನಿಂದ ನಿಮ್ಹಾನ್ಸ್‌ಗೆ ಎಪ್ಪತ್ತು ಕಿಲೊಮೀಟರಿಗೂ ಹೆಚ್ಚು ದಾರಿ, ಜೊತೆಗೆ ಬೆಂಗಳೂರಿನ ಟ್ರಾಫಿಕ್ಕು; ತಲೆಬುರುಡೆಯೊಳಗೆ ರಕ್ತ ಸೋರುತ್ತಿದ್ದರೆ ಒಂದೊಂದು ಗಂಟೆಯೂ ಲೆಕ್ಕಕ್ಕೆ ಬರುತ್ತದೆ.