ತೆಪ್ಪಕ್ಕೆ ಹೆದರಿ ಕಾಡು ಕಡಿದ ದ್ವೀಪ

ಸೆರೆಮನೆಗೆ ಗೋಡೆಯೇ ಬೇಕೆಂದಿಲ್ಲ, ಸುತ್ತ ಕಡಲಿದ್ದರೂ ಸಾಕು. ಬ್ರೆಜಿಲ್ ಕರಾವಳಿಯಿಂದ ಸುಮಾರು 350 ಕಿ.ಮೀ. ದೂರದ ಫರ್ನಾಂಡೊ ಡಿ ನೊರೊನ್ಹಾ ಅಂಥದೊಂದು ಸೆರೆಮನೆಯಾಗಿತ್ತು. ಆರಿದ ಜ್ವಾಲಾಮುಖಿಯ ನೆತ್ತಿ ಅಟ್ಲಾಂಟಿಕ್ ಸಾಗರದಿಂದ ಮೇಲೆದ್ದು ಆದ ದ್ವೀಪಸಮೂಹ ಇದು. ಕೈದಿಗಳು ತೆಪ್ಪ ಕಟ್ಟಿಕೊಂಡು ಪಾರಾದಾರೆಂಬ ಅಂಜಿಕೆಯಿಂದ ಅಧಿಕಾರಿಗಳು ಇಲ್ಲಿನ ಕಾಡನ್ನೇ ಕಡಿಸಿದರು. ಮುಂದೆ ಇಲಿಗಳ ಕಾಟ ತಪ್ಪಿಸಲು ಉಡದಂಥ ಟೇಗು ಹಲ್ಲಿಯನ್ನು ತಂದುಬಿಟ್ಟರಂತೆ. ಇಲಿ ತಿರುಗುವುದು ರಾತ್ರಿ, ಟೇಗು ಹಗಲು. ಎರಡಕ್ಕೂ ಭೇಟಿಯೇ ಆಗದು! ಟೇಗು ಕಡಲಹಕ್ಕಿ, ಆಮೆಗಳ ಮೊಟ್ಟೆಗೆ ಬಾಯಿ ಹಾಕಿತು.

1988ರಲ್ಲಿ ದ್ವೀಪದ ಬಹುಭಾಗವೂ ಸುತ್ತಲ ಕಡಲೂ ಸೇರಿ ಸಾಗರ ರಾಷ್ಟ್ರೀಯ ಉದ್ಯಾನವಾಯಿತು. ಈಗ ಕಾವಲು ಹೊರಗಿನಿಂದ ಬರುವವರ ಮೇಲೆ: ತಂಗುವ ದಿನಗಳಿಗೆ ತಕ್ಕಂತೆ ಶುಲ್ಕ. ಡಾಲ್ಫಿನ್‌ಗಳು ಗಿರಕಿ ಹೊಡೆಯುತ್ತ ನೆಗೆಯುವ ಕೊಲ್ಲಿಗಂತೂ ದೋಣಿ ಒಯ್ಯುವಂತಿಲ್ಲ. ಮುಂಜಾನೆ ಬಂಡೆಯ ಮೇಲೆ ನಿಂತೇ ನೋಡಬೇಕು.